ಕೊನೇ ಕರಡು ಯಾವುದು?

ಸ್ವಂತ ಖರ್ಚಿನಲ್ಲಿ ಕಾದಂಬರಿ ಅಚ್ಚು ಹಾಕಿಸುವವರು ಕರಡು ತಿದ್ದುವ ನನ್ನ ಹತ್ತಿರ ಬಂದಾಗ ಹೆಚ್ಚಾಗಿ ಹೇಳುವುದು ಇದನ್ನೇ: "ನಾನೇ ನಾಲ್ಕು ಸಲ ಓದಿದ್ದೀನಿ ಮೇಡಂ, ನೀವು ಸುಮ್ನೆ ಒಂದ್ಸಲ ಕಣ್ಣಾಡಿಸಿ." ಓದಿರುವುದೇನೋ ನಿಜ. ಆದರೆ ಓದಿದ್ದು ವರ್ಡ್ ಫೈಲನ್ನು. ಅಚ್ಚಿಗೆ ಹೋಗುವುದು ಬೇರೆಯದೇ ಫೈಲು, ಅಲ್ವಾ?

ನೀವು ಯೂನಿಕೋಡ್‌ನಲ್ಲಿ, ಅಂದರೆ ಮೊಬೈಲು, ಇಂಟರ್ನೆಟ್ಟಿನಲ್ಲೆಲ್ಲ ಬಳಸುವ ಅಕ್ಷರ ಸಂಕೇತದಲ್ಲಿ, ಟೈಪ್ ಮಾಡಿರುತ್ತೀರಿ. ಡಿಟಿಪಿಯವರು ಇನ್ನೂ ಪೇಜ್‌ಮೇಕರ್ ಎಂಬ ಹಳೇ ತಂತ್ರಾಂಶದಲ್ಲೇ ಪುಟ ಕಟ್ಟುತ್ತಿದ್ದರೆ ಅದಕ್ಕೆ ಯೂನಿಕೋಡ್ ಗೊತ್ತಿಲ್ಲ. ಹಾಗಾಗಿ ಎಲ್ಲವನ್ನೂ 'ನುಡಿ' ಅಥವಾ 'ಬರಹ' ಎಂಬ ಕನ್ನಡ ತಂತ್ರಾಂಶಗಳ ಹಳೇ ಆಸ್ಕಿ ಫಾಂಟಿಗೆ, ಅಂದರೆ ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೇ ಕನ್ನಡದ ರೂಪ ತೊಡಿಸಿದ ಫಾಂಟಿಗೆ, ಬದಲಿಸುತ್ತಾರೆ. ತಪ್ಪು ನುಸುಳುವುದು ಇಲ್ಲೇ. 'ರ‍್ಯಾಂಕ್' ಎಂಬಲ್ಲಿ ಕಣ್ಣಿಗೆ ಕಾಣದ ಒಂದು ಚಿಹ್ನೆ ಇರುತ್ತದೆ. ಅದು ಬಿದ್ದುಹೋದರೆ ಅರ್ಕಾವೊತ್ತು ಬಂದು 'ರ್ಯಾಂಕ್' ಆಗುತ್ತದೆ. 'ಬಸ್‌ನಲ್ಲಿ' ಹೋಗಿ 'ಬಸ್ನಲ್ಲಿ' ಆಗುತ್ತದೆ. ಹಳೇ ನುಡಿ ಫೈಲನ್ನು ಯೂನಿಕೋಡ್‌ಗೆ ತಂದರೆ ಇನ್ನೊಂದು ಫಜೀತಿ. ನಡುವೆ ಇಂಗ್ಲಿಷ್ ಅಕ್ಷರದಲ್ಲೇ ಬಿಟ್ಟಿದ್ದ ಹೆಸರು ಯಾರಿಗೂ ಅರ್ಥವಾಗದ ಕನ್ನಡವಾಗಿ ಕೂತಿರುತ್ತದೆ.

ಟೈಪ್ ಮಾಡುವವರ ಹಳೇ ಚಾಳಿಯೂ ಒಂದಿದೆ. ಅನುಸ್ವಾರದ ಜಾಗಕ್ಕೆ ಸೊನ್ನೆ, ಅರ್ಕಾವೊತ್ತಿನ ಜಾಗಕ್ಕೆ ಒಂಬತ್ತು ಒತ್ತುವುದು: 'ಮ೦ಗಳ', 'ಸೂಯ೯'. ಕಾಗದದ ಮೇಲೆ ಮೋಸ ಗೊತ್ತಾಗುವುದಿಲ್ಲ. ಇ-ಪುಸ್ತಕ ಮಾಡಿದ ಮೇಲೆ ಓದುಗರು ಹುಡುಕಿದರೆ ಮಂಗಳ ಸಿಗುವುದೇ ಇಲ್ಲ. ಫೈಲಿನಲ್ಲಿ ೦ ಮತ್ತು ೯ ಹುಡುಕಿ, ಒಂದೊಂದಾಗಿ ತಿದ್ದಿ. ಎಲ್ಲವನ್ನೂ ಒಟ್ಟಿಗೆ ಬದಲಿಸಲು ಹೋದರೆ ಕನ್ನಡ ಅಂಕಿಯಲ್ಲಿ ಬರೆದ ಇಸವಿಗಳೂ ಕೆಡುತ್ತವೆ.

ಒಟ್ಟಿಗೆ ಬದಲಿಸುವ ಮಾತು ಬಂತಲ್ಲ, ಒಬ್ಬರು ಕೊನೇ ಗಳಿಗೆಯಲ್ಲಿ ನಾಯಕನ ಹೆಸರನ್ನು ರಾಮನಿಂದ ಶಿವನಿಗೆ ಬದಲಿಸಿದ್ದರು. ಒಂದೇ ಗುಂಡಿ, ಕೆಲಸ ಮುಗೀತು. ನನ್ನ ಕೈಗೆ ಬಂದ ಪ್ರತಿಯಲ್ಲಿ ಅಜ್ಜಿ "ಆಶಿವಾಗಿ ಇದ್ದೀನಪ್ಪಾ" ಎನ್ನುತ್ತಿದ್ದಳು. ಊರಿನಲ್ಲಿ 'ಗ್ಶಿವ ಪಂಚಾಯಿತಿ' ಸಭೆ ನಡೆಯುತ್ತಿತ್ತು. ಆರಾಮದಲ್ಲೂ ಗ್ರಾಮದಲ್ಲೂ ರಾಮ ಇದ್ದಾನೆ ಎಂದು ಕಂಪ್ಯೂಟರಿಗೆ ಮಾತ್ರ ನೆನಪಿತ್ತು.

ಹೆಸರು ಬದಲಿಸುವುದು, ಅಧ್ಯಾಯ ಕತ್ತರಿಸುವುದು, ಸಂಭಾಷಣೆ ತಿದ್ದುವುದು, ಇವೆಲ್ಲ ಪುಟ ಕಟ್ಟುವ ಮೊದಲೇ ಮುಗಿಯಬೇಕು. ಆಗ ಕಾಗುಣಿತದ ಕಡೆ ನೋಡಲೇಬೇಡಿ. ಹೇಗಿದ್ದರೂ ಕಿತ್ತುಹಾಕುವ ಪುಟದ ಕಾಗುಣಿತ ತಿದ್ದಿ ಏನು ಬಂತು? ಮಾತುಕತೆಯನ್ನು ಮಾತ್ರ ಹುಷಾರಾಗಿ ನೋಡಿ. ಮೂರನೇ ಅಧ್ಯಾಯದಲ್ಲಿ ಗಂಡನಿಗೆ 'ನೀವು' ಎನ್ನುತ್ತಿದ್ದವಳು ಹದಿನೈದರಲ್ಲಿ 'ನೀನು' ಎಂದರೆ ಅದು ಜಗಳವೋ, ಸಲಿಗೆಯೋ, ನಿಮ್ಮ ಮರೆವೋ? ಧಾರವಾಡದ ಹುಡುಗ 'ಕಾಕಾ' ಎನ್ನುತ್ತಿದ್ದವನು ಇದ್ದಕ್ಕಿದ್ದಂತೆ 'ಚಿಕ್ಕಪ್ಪ' ಎನ್ನಬಾರದು. ಕರಡು ತಿದ್ದುವವರಿಗೆ ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಡಿ. ಇಲ್ಲದಿದ್ದರೆ ನನ್ನಂಥವರು ನಿಮ್ಮ 'ಹೋಗ್ಯಾನ'ವನ್ನು 'ಹೋಗಿದ್ದಾನೆ' ಮಾಡಿ ಕೈ ತೊಳೆದುಕೊಳ್ಳುತ್ತೇವೆ!

ಸ್ಪೆಲ್‌ಚೆಕ್ ಇದೆಯಲ್ಲ ಎನ್ನುತ್ತೀರಾ? 'ಹಾಳು ಕಾಯಿಸಿದಳು' ಎಂದರೆ ಅದಕ್ಕೇನೂ ತಪ್ಪು ಕಾಣುವುದಿಲ್ಲ. ಹಾಳು ಕೂಡ ಕನ್ನಡ ಪದವೇ. 'ಬೆಲೆ' 'ಬೆಳೆ'ಯೂ ಅಷ್ಟೇ. ಇದಕ್ಕೆ ಹಳೇ ಉಪಾಯವೇ ಸರಿ. ಮೂಲ ಪ್ರತಿಯನ್ನು ಒಬ್ಬರು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಕರಡಿನ ಮೇಲೆ ಪೆನ್ಸಿಲ್ ಓಡಿಸಬೇಕು.

ನಾನು ಕೊನೇ ಕರಡು ಎನ್ನುವುದು ಪುಟ ಕಟ್ಟಿ ಬಂದ ಪಿಡಿಎಫ್‌ನ ಪ್ರಿಂಟನ್ನು. ಅದರಲ್ಲಿ ತಪ್ಪು ಮಾತ್ರ ತಿದ್ದಿ, ಹೊಸದಾಗಿ ಏನನ್ನೂ ಸೇರಿಸಬೇಡಿ. ಆಫ್‌ಸೆಟ್ ಮುದ್ರಣದಲ್ಲಿ ಸಾಮಾನ್ಯವಾಗಿ 16 ಪುಟಕ್ಕೆ ಒಂದು ಫಾರಂ, ಅಂದರೆ ಒಂದೇ ಹಾಳೆಯಲ್ಲಿ ಒಟ್ಟಿಗೆ ಅಚ್ಚಾಗುವ ಪುಟಗಳ ಕಟ್ಟು. 208 ಪುಟವೆಂದರೆ ಸರಿಯಾಗಿ 13 ಫಾರಂ. ನೀವು ಒಂದು ಪ್ಯಾರಾ ಸೇರಿಸಿ ಅದು 210 ಆದರೆ, ಆ ಎರಡು ಪುಟ 13 ಫಾರಂನಲ್ಲಿ ಹಿಡಿಸದೆ ಖರ್ಚು ಏರುತ್ತದೆ.

ಮುಖಪುಟವನ್ನು ಮಾಡುವವರೇ ಬೇರೆ, ಅದು ಬರುವುದೂ ಕಡೇ ದಿನ. ಅದರ ಮೇಲಿನ ಐಎಸ್‌ಬಿಎನ್ ಅನ್ನು, ಅಂದರೆ ಪುಸ್ತಕದ ಗುರುತಿನ ಸಂಖ್ಯೆಯನ್ನು, ಒಳಪುಟದ್ದರ ಜೊತೆ ಅಂಕಿ ಅಂಕಿಯಾಗಿ ತಾಳೆ ನೋಡಿ. ಮುಖಪುಟದ ವಿಷಯವನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಒಂದು ಕಾದಂಬರಿಯ ಒಳಪುಟಗಳನ್ನೆಲ್ಲ ನಾನು ಮೂರು ಸಲ ತಿದ್ದಿದ್ದೆ. ಪುಸ್ತಕ ಬಂದಾಗ ಬೆನ್ನಿನ ಮೇಲೆ ಲೇಖಕಿಯ ಹೆಸರಿನಲ್ಲೇ ಒಂದು ಒತ್ತಕ್ಷರ ಇರಲಿಲ್ಲ. ಬಿಡುಗಡೆಯ ಹಿಂದಿನ ರಾತ್ರಿ ಅವರ ಮನೆಯ ಹಾಲ್‌ನಲ್ಲಿ ಕೂತು ಮುನ್ನೂರು ಪ್ರತಿಗೂ ಚೀಟಿ ಅಂಟಿಸಿದೆವು.