ನೊಣದಲ್ಲಿ ಎಲ್ಲಿ ನೋಡಬೇಕು? ಮಧ್ಯ ಯುರೋಪಿನ ನೊಣ ಅಧ್ಯಯನದ ಬಗ್ಗೆ ಟಿಪ್ಪಣಿ

ಕಿಟಕಿಯ ಬಳಿ ಸತ್ತು ಬಿದ್ದಿರುವ ಮನೆ ನೊಣವೊಂದನ್ನು ಬಿಳಿ ಹಾಳೆಯ ಮೇಲೆ ಇಟ್ಟುಕೊಳ್ಳಿ. ಕೈಯಲ್ಲಿ ಒಂದು ಭೂತಗನ್ನಡಿ ಇದ್ದರೆ ಸಾಕು. ಎಲೆಯಲ್ಲಿ ನರಗಳಿರುವ ಹಾಗೆ ರೆಕ್ಕೆಯಲ್ಲೂ ನರಗಳು ಕಾಣುತ್ತವೆ. ನಡುವಿನಿಂದ ಹೊರಟ ಉದ್ದದ ನರವೊಂದು ರೆಕ್ಕೆಯ ತುದಿಗೆ ಸ್ವಲ್ಪ ಮೊದಲು ಥಟ್ಟನೆ ಮೇಲಕ್ಕೆ ಬಾಗಿರುತ್ತದೆ. ಮನೆಯೊಳಗೇ ಸುತ್ತುವ, ಇದಕ್ಕಿಂತ ಸ್ವಲ್ಪ ಚಿಕ್ಕದಾದ ಫ್ಯಾನಿಯಾ ನೊಣದಲ್ಲಿ ಆ ಬಾಗು ಇಲ್ಲ. ಬರಿಗಣ್ಣಿಗೆ ಎರಡೂ ಒಂದೇ. ರೆಕ್ಕೆ ನೋಡಿದರೆ ಬೇರೆ ಬೇರೆ.

ಈ ವಿಷಯ ಓದಲು ಕೂತಾಗ ಹೆಸರು, ಇಸವಿಗಳ ರಾಶಿಯೇ ಎದುರಾಗುತ್ತದೆ. ನನಗೆ ದಾರಿ ಸಿಕ್ಕಿದ್ದು ಒಂದೇ ಪ್ರಶ್ನೆಯಿಂದ: ಇವರು ನೊಣದ ಯಾವ ಭಾಗವನ್ನು ನೋಡಿದರು? ಆ ಭಾಗ ಬದಲಾದಾಗಲೆಲ್ಲ ಈ ಶಾಸ್ತ್ರ ಒಂದು ಹೆಜ್ಜೆ ಮುಂದೆ ಹೋಗಿದೆ.

ಎರಡೇ ರೆಕ್ಕೆಯ ಕೀಟಗಳ ದೊಡ್ಡ ಗುಂಪಿಗೆ ಡಿಪ್ಟೆರಾ ಎಂದು ಹೆಸರು. ನೊಣ, ಸೊಳ್ಳೆ ಎರಡೂ ಇದರಲ್ಲಿ ಬರುತ್ತವೆ. ಹಿಂದಿನ ಜೋಡಿ ರೆಕ್ಕೆಯ ಜಾಗದಲ್ಲಿ ಗುಂಡುಸೂಜಿಯಂಥ ಎರಡು ಪುಟ್ಟ ಅಂಗಗಳಿವೆ. ಹಾರುವಾಗ ಸಮತೋಲ ಕಾಯುವುದು ಅವೇ. ಸ್ವೀಡನ್ನಿನ ಲಿನೇಯಸ್ 1758ರಲ್ಲಿ ಈ ಗುಂಪನ್ನು ತನ್ನ ಪಟ್ಟಿಯಲ್ಲಿ ಸೇರಿಸಿದ. ಅವನ ಶಿಷ್ಯ ಫ್ಯಾಬ್ರೀಷಿಯಸ್ ಕೀಲ್ ನಗರದಲ್ಲಿ ಪ್ರಾಧ್ಯಾಪಕನಾಗಿದ್ದ. ಅವನು ಕೀಟಗಳನ್ನೆಲ್ಲ ಬಾಯಿಯ ಅಂಗಗಳ ಮೇಲೆ ವಿಂಗಡಿಸಿದ. ಆದರೆ ನೊಣದ ಬಾಯಿ ತೀರಾ ಚಿಕ್ಕದು. ಅದನ್ನು ನೋಡಬೇಕೆಂದರೆ ನೊಣವನ್ನು ಕೆಡಿಸಬೇಕು.

ಇಲ್ಲಿ ಬರುತ್ತಾನೆ ಯೋಹಾನ್ ವಿಲ್‌ಹೆಲ್ಮ್ ಮೈಗೆನ್. ಹುಟ್ಟಿದ್ದು 1764ರಲ್ಲಿ, ಜರ್ಮನಿಯ ಸೋಲಿಂಗನ್‌ನಲ್ಲಿ. ಬಡ ಮನೆ. ಆಖನ್ ಹತ್ತಿರದ ಸ್ಟೋಲ್‌ಬರ್ಗ್‌ನಲ್ಲಿ ಫ್ರೆಂಚ್ ಪಾಠ ಹೇಳಿಕೊಂಡು ಬದುಕಿದವನು. ಬಾಯಿಯನ್ನೇ ನಂಬುವ ಬದಲು ರೆಕ್ಕೆಯ ನರ, ಮೀಸೆ, ಒಟ್ಟು ಆಕಾರ ಇವನ್ನೆಲ್ಲ ಒಟ್ಟಿಗೆ ನೋಡೋಣ ಎಂದ. ರೆಕ್ಕೆ ಚಪ್ಪಟೆ, ಪಾರದರ್ಶಕ, ಒಣಗಿದರೂ ಹಾಳಾಗದು. ಎಷ್ಟು ಸರಳ ವಿಚಾರ ಅಲ್ವಾ? ಆದರೂ ಅದು ಹೊಳೆಯಲು ಒಬ್ಬ ಮೈಗೆನ್ ಬೇಕಾಯಿತು. 1818ರಿಂದ 1838ರವರೆಗೆ ಏಳು ಸಂಪುಟಗಳಲ್ಲಿ ಯುರೋಪಿನ ನೊಣಗಳನ್ನು ವಿವರಿಸಿದ. ಚಿತ್ರ ಬರೆದಿದ್ದೂ ಅವನೇ. ಕೀಲ್‌ನ ವೈದ್ಯ ವೀಡೆಮಾನ್ ಅವನಿಗೆ ಬೆನ್ನೆಲುಬಾಗಿ ನಿಂತ. ವೀಡೆಮಾನ್ ಸ್ವತಃ ಯುರೋಪಿನ ಹೊರಗಿನ ನೊಣಗಳ ಮೇಲೆ ಕೆಲಸ ಮಾಡಿದವನು.

1830ರಲ್ಲಿ ಮೈಗೆನ್ ಒಂದು ಪುಟ್ಟ ನೊಣಕ್ಕೆ ಕಪ್ಪು ಹೊಟ್ಟೆಯದು ಎಂಬ ಅರ್ಥದ ಹೆಸರಿಟ್ಟ: ಮೆಲನೊಗಾಸ್ಟರ್. ಇವತ್ತು ನಾವು ಡ್ರೊಸೊಫಿಲಾ ಮೆಲನೊಗಾಸ್ಟರ್ ಎನ್ನುವ ಹಣ್ಣಿನ ನೊಣ ಅದೇ. ಮೈಸೂರಿನ ಮಾನಸಗಂಗೋತ್ರಿಯ ಡ್ರೊಸೊಫಿಲಾ ಕೇಂದ್ರದಲ್ಲಿ ಇದನ್ನು ಸಾಕುವವರೂ ಆ ಸ್ಟೋಲ್‌ಬರ್ಗಿನ ಮೇಷ್ಟ್ರು ಕೊಟ್ಟ ಹೆಸರನ್ನೇ ದಿನಾ ಬಳಸುತ್ತಾರೆ.

ಪರೀಕ್ಷೆಗೆ ಓದುವವರು ಇಲ್ಲಿ ಒಂದು ತೊಡಕನ್ನು ಗಮನಿಸಿ. ಮೈಗೆನ್ 1800ರಲ್ಲಿ ಒಂದು ಸಣ್ಣ ಪುಸ್ತಿಕೆಯಲ್ಲಿ ನೊಣಗಳ ಕುಲಗಳಿಗೆ, ಅಂದರೆ ಹತ್ತಿರದ ಜಾತಿಗಳ ಗುಂಪುಗಳಿಗೆ, ಹೆಸರು ಕೊಟ್ಟಿದ್ದ. 1803ರಲ್ಲಿ ಅವನೇ ಬೇರೆ ಹೆಸರು ಕೊಟ್ಟ. ಎಲ್ಲರೂ 1803ರ ಹೆಸರುಗಳನ್ನೇ ರೂಢಿ ಮಾಡಿಕೊಂಡರು. ವಿಯೆನ್ನಾದ ಹೆಂಡೆಲ್ 1908ರಲ್ಲಿ ಆ ಹಳೆಯ ಪುಸ್ತಿಕೆಯನ್ನು ಹೊರತೆಗೆದ. ಮೊದಲು ಬಂದ ಹೆಸರೇ ಸರಿ ಎಂಬುದು ನಿಯಮ. ಹಾಗಾಗಿ ಅರ್ಧ ಶತಮಾನ ಗೊಂದಲವೋ ಗೊಂದಲ. ಕೊನೆಗೆ 1963ರಲ್ಲಿ ಪ್ರಾಣಿಗಳ ಹೆಸರಿನ ಅಂತರರಾಷ್ಟ್ರೀಯ ಆಯೋಗ 1800ರ ಹೆಸರುಗಳನ್ನು ರದ್ದು ಮಾಡಿತು. ಹಳೆಯ ಪುಸ್ತಕಗಳಲ್ಲಿ ಒಂದೇ ನೊಣಕ್ಕೆ ಎರಡು ಹೆಸರು ಕಂಡರೆ ಗಾಬರಿ ಬೇಡ. ಕಾರಣ ಇದಿರಬಹುದು.

ಮೈಗೆನ್ ನಂತರದವರಲ್ಲೂ ಹೆಚ್ಚಿನವರು ಬೇರೆ ಕೆಲಸ ಮಾಡಿಕೊಂಡೇ ನೊಣ ನೋಡಿದವರು. ಹರ್ಮನ್ ಲೋವ್ ಶಾಲೆಯ ಮುಖ್ಯೋಪಾಧ್ಯಾಯ. ವಿಯೆನ್ನಾದ ಷೀನರ್ ಸರ್ಕಾರಿ ಅಧಿಕಾರಿ, ಆಸ್ಟ್ರಿಯಾದ ನೊಣಗಳ ಬಗ್ಗೆ 1862ರಿಂದ 1864ರ ನಡುವೆ ದೊಡ್ಡ ಗ್ರಂಥ ತಂದ. ಥಿಯೊಡೋರ್ ಬೆಕರ್ ಲೀಗ್ನಿಟ್ಸ್ ನಗರದ ಕಟ್ಟಡ ವಿಭಾಗದ ಅಧಿಕಾರಿ. ಇವರ ತಾಳ್ಮೆ ನೆನೆದರೆ ಗೌರವ ಉಕ್ಕುತ್ತದೆ.

ಮುಂದಿನ ಹೆಜ್ಜೆ ವಿಯೆನ್ನಾದ ಫ್ರೀಡ್ರಿಷ್ ಬ್ರೌವರ್‌ನದು. ಅವನು ನೋಡಿದ್ದು ನೊಣವನ್ನಲ್ಲ, ನೊಣ ಹೊರಬಂದ ಮೇಲೆ ಉಳಿದ ಖಾಲಿ ಗೂಡನ್ನು. ತಿಪ್ಪೆಯ ಅಂಚಿನ ಒಣ ಮಣ್ಣು ಕೆದಕಿ ನೋಡಿ. ಅಕ್ಕಿ ಕಾಳಿಗಿಂತ ದಪ್ಪನೆಯ ಕಂದು ಗುಳಿಗೆಗಳು ಸಿಗುತ್ತವೆ. ಅದು ನೊಣದ ಹುಳುವಿನ ಕೊನೆಯ ಚರ್ಮ, ಗಟ್ಟಿಯಾಗಿ ಡಬ್ಬಿಯಾಗಿದೆ. ಒಳಗಿನ ನೊಣ ಹಣೆಯಿಂದ ಒಂದು ಚೀಲವನ್ನು ಉಬ್ಬಿಸಿ ಮುಚ್ಚಳವನ್ನು ತಳ್ಳುತ್ತದೆ. ಮುಚ್ಚಳ ದುಂಡಗೆ ಕಳಚುತ್ತದೆ. ಕುದುರೆನೊಣದಂಥವುಗಳ ಗೂಡು ಹೀಗೆ ತೆರೆಯುವುದಿಲ್ಲ, ಬೆನ್ನಿನ ಮೇಲೆ ನೇರವಾಗಿ ಸೀಳುತ್ತದೆ. ನೇರವಾಗಿ ಸೀಳುವವು, ದುಂಡಗೆ ತೆರೆಯುವವು ಎಂದು ಬ್ರೌವರ್ ಎರಡು ಗುಂಪು ಮಾಡಿದ.

ಈ ಗುಂಪುಗಳ ಪೈಕಿ ಒಂದೇ ಉಳಿಯಿತು. ಏಕೆ ಎಂದು ತಿಳಿಯಬೇಕಾದರೆ ವಿಲ್ಲಿ ಹೆನಿಗ್‌ನ ಹತ್ತಿರ ಬರಬೇಕು. 1913ರಲ್ಲಿ ಸ್ಯಾಕ್ಸನಿಯಲ್ಲಿ ಹುಟ್ಟಿದ ಹೆನಿಗ್ ನೊಣಗಳ ಪರಿಣತ. ಎರಡನೇ ಮಹಾಯುದ್ಧದಲ್ಲಿ ಗಾಯಗೊಂಡ, ಆಮೇಲೆ ಇಟಲಿಯಲ್ಲಿ ಮಲೇರಿಯಾ ತಡೆಯುವ ಕೆಲಸಕ್ಕೆ ಹಾಕಿದರು. 1945ರಲ್ಲಿ ಬ್ರಿಟಿಷರ ಕೈದಿಯಾಗಿದ್ದಾಗಲೇ, ಜೀವಿಗಳ ವಂಶ ಗುರುತಿಸುವ ತನ್ನ ಸಿದ್ಧಾಂತದ ಕರಡು ಬರೆದ. ಅದು 1950ರಲ್ಲಿ ಅಚ್ಚಾಯಿತು.

ಸಿದ್ಧಾಂತ ಇಷ್ಟು: ಕೆಲವು ಜೀವಿಗಳು ಒಂದೇ ವಂಶದವು ಎನ್ನಲು ಸುಮ್ನೆ ಹೋಲಿಕೆ ಇದ್ದರೆ ಸಾಲದು. ಆ ಹೋಲಿಕೆ ಹೊಸದಾಗಿ ಬಂದದ್ದಾಗಿರಬೇಕು. ಸೊಳ್ಳೆಯಂಥವಕ್ಕೆಲ್ಲ ಉದ್ದ ಮೀಸೆ ಇದೆ. ಆದರೆ ಅದು ಪೂರ್ವಿಕರಿಂದ ಬಂದ ಹಳೆಯ ಲಕ್ಷಣ. ಅಜ್ಜನ ಕಾಲದ ಮನೆಯಲ್ಲೇ ಇದ್ದಾರೆ ಎಂದ ಮಾತ್ರಕ್ಕೆ ಇಬ್ಬರು ಒಡಹುಟ್ಟಿದವರು ಎನ್ನಲು ಬರುವುದಿಲ್ಲವಲ್ಲ, ಹಾಗೆ. ಗಿಡ್ಡ ಮೀಸೆ ಆಮೇಲೆ ಬಂದದ್ದು, ಹಾಗಾಗಿ ಗಿಡ್ಡ ಮೀಸೆಯವು ನಿಜವಾದ ಒಂದೇ ವಂಶ. ಇದೇ ಲೆಕ್ಕದಲ್ಲಿ ನೇರ ಸೀಳು ಹಳೆಯದು, ದುಂಡು ಮುಚ್ಚಳ ಹೊಸದು. ದುಂಡು ಗುಂಪು ಉಳಿಯಿತು, ನೇರ ಗುಂಪು ಬಿದ್ದುಹೋಯಿತು. ಇಂದು ಜೀವಿಗಳ ವಂಶವೃಕ್ಷ ಬರೆಯುವವರು ಹಿಡಿಯುವುದು ಈ ದಾರಿಯನ್ನೇ. ಅದು ನೊಣದ ಅಧ್ಯಯನದಿಂದ ಹೊರಟಿತು ಎಂಬುದು ನನಗೆ ಈ ಇಡೀ ಕಥೆಯ ದೊಡ್ಡ ವಿಷಯ.

ಹಂಗೆರಿಯ ಬುಡಾಪೆಸ್ಟನ್ನು ಮರೆಯುವಂತಿಲ್ಲ. ಕಾಲ್‌ಮಾನ್ ಕೆರ್ಟೇಸ್ ಅಲ್ಲಿನ ಮ್ಯೂಸಿಯಂನಲ್ಲಿ ದೊಡ್ಡ ನೊಣ ಸಂಗ್ರಹ ಕಟ್ಟಿದ್ದ. 1956ರ ದಂಗೆಯ ಸಮಯದ ಬೆಂಕಿಯಲ್ಲಿ ಅದು ಸುಟ್ಟುಹೋಯಿತು. ಒಂದು ಜಾತಿಗೆ ಹೆಸರಿಟ್ಟಾಗ ಆಧಾರವಾಗಿದ್ದ ಮೂಲ ಮಾದರಿ ಸುಟ್ಟರೆ ಅದನ್ನು ಮತ್ತೆ ತರಲು ಆಗದು. ಅಲ್ಲಿಯವರು ಸಂಗ್ರಹವನ್ನು ಮತ್ತೆ ಮೊದಲಿನಿಂದ ಕಟ್ಟಿದರು. ಮುಂದೆ ಯುರೋಪ್ ಮತ್ತು ಉತ್ತರ ಏಷ್ಯಾದ ನೊಣಗಳ ಮಹಾಪಟ್ಟಿಯನ್ನು ಸಂಪಾದಿಸಿದ್ದೂ ಬುಡಾಪೆಸ್ಟಿನ ಶೋಶ್ ಮತ್ತು ಪಪ್.

ಇನ್ನೊಂದು ಎಳೆ ಪ್ರಯೋಗಾಲಯದ್ದು. 1864ರಲ್ಲಿ ಆಗಸ್ಟ್ ವೈಸ್‌ಮಾನ್ ನೊಣದ ಹುಳುವಿನ ದೇಹದೊಳಗೆ ಪುಟ್ಟ ಬಿಲ್ಲೆಗಳನ್ನು ವಿವರಿಸಿದ. ರೆಕ್ಕೆ, ಕಾಲು, ಕಣ್ಣು ಬೆಳೆಯುವುದು ಆ ಬಿಲ್ಲೆಗಳಿಂದಲೇ. ಜ್ಯೂರಿಕ್‌ನ ಹಾಡೋರ್ನ್ ಅವನ್ನು ಬೇರೆ ನೊಣದ ಹೊಟ್ಟೆಯಲ್ಲಿಟ್ಟು ಬೆಳೆಸಿದ. ಅವನ ಶಿಷ್ಯ ಗೇರಿಂಗ್‌ನ ತಂಡ ಬಾಸೆಲ್‌ನಲ್ಲಿ 1995ರಲ್ಲಿ ಒಂದೇ ಜೀನ್ ಬಳಸಿ ಹಣ್ಣಿನ ನೊಣದ ಕಾಲು, ರೆಕ್ಕೆಗಳ ಮೇಲೂ ಕಣ್ಣು ಮೂಡಿಸಿತು.

ಹೈಡಲ್‌ಬರ್ಗ್‌ನಲ್ಲಿ ಕ್ರಿಸ್ಟಿಯಾನೆ ನ್ಯೂಸ್ಲೈನ್-ಫೋಲ್‌ಹಾರ್ಡ್ ಮತ್ತು ಎರಿಕ್ ವೀಶೌಸ್ ನೋಡಿದ್ದು ಹಣ್ಣಿನ ನೊಣದ ಎಳೆ ಹುಳುವಿನ ಹೊಟ್ಟೆಯ ಚರ್ಮವನ್ನು. ಅಲ್ಲಿ ಚೂಪು ಮುಳ್ಳುಗಳ ಪಟ್ಟಿಗಳಿವೆ, ಒಂದು ಖಂಡಕ್ಕೆ ಒಂದರಂತೆ. ಇಬ್ಬರೂ ಎದುರುಬದುರು ಕೂತು ಜೋಡಿ ಸೂಕ್ಷ್ಮದರ್ಶಕದಲ್ಲಿ ಒಂದೇ ಹುಳುವನ್ನು ನೋಡುತ್ತಿದ್ದರು. ಯಾವುದೋ ಜೀನ್ ಕೆಟ್ಟಿದ್ದ ಕೆಲವು ಹುಳುಗಳಲ್ಲಿ ಒಂದು ಬಿಟ್ಟು ಒಂದು ಪಟ್ಟಿ ಇರಲಿಲ್ಲ. ಕೆಲವದರಲ್ಲಿ ನಡುವಿನ ಪಟ್ಟಿಗಳೇ ಮಾಯ. ದೇಹವನ್ನು ಖಂಡಗಳಾಗಿ ವಿಭಜಿಸುವ 15 ಜೀನ್‌ಗಳನ್ನು 1980ರಲ್ಲಿ ವಿವರಿಸಿದರು. 1995ರಲ್ಲಿ ಅಮೆರಿಕದ ಎಡ್ವರ್ಡ್ ಲೂಯಿಸ್ ಜೊತೆ ನೊಬೆಲ್ ಬಂತು.

ಇತ್ತೀಚಿನ ಸಂಗತಿ ಮತ್ತೆ ಹವ್ಯಾಸಿಗಳದು. ಕ್ರೆಫೆಲ್ಡ್‌ನ ಕೀಟಾಸಕ್ತರು ಜರ್ಮನಿಯ 63 ಸಂರಕ್ಷಿತ ಜಾಗಗಳಲ್ಲಿ ಬಲೆಗುಡಾರ ಹಾಕಿ, ಸಿಕ್ಕ ಹಾರುವ ಕೀಟಗಳನ್ನು ತೂಗಿದರು. 27 ವರ್ಷಗಳಲ್ಲಿ ತೂಕ 76% ಇಳಿದಿತ್ತು. ಇದು 2017ರಲ್ಲಿ ಪ್ರಕಟವಾಯಿತು. ಆದರೆ ತೂಕ ಹೇಳುವುದು ಎಷ್ಟು ಎಂದು ಮಾತ್ರ, ಯಾವುದು ಎಂದಲ್ಲ. ಅದಕ್ಕೆ 1989ರ ಮತ್ತು 2014ರ ಬಾಟಲಿಗಳಲ್ಲಿದ್ದ ಹೂನೊಣಗಳನ್ನು ಒಂದೊಂದಾಗಿ ತೆಗೆದು ಜಾತಿ ಗುರುತಿಸಿದರು. ಜಾತಿಗಳೂ ಕಡಿಮೆಯಾಗಿದ್ದವು. ಹೂನೊಣವನ್ನು ಗುರುತಿಸಲು ಮೊದಲು ನೋಡುವುದು ರೆಕ್ಕೆಯನ್ನೇ. ಅದರ ನಡುವೆ, ಎರಡೂ ತುದಿಗಳಲ್ಲಿ ಯಾವ ನರಕ್ಕೂ ಸೇರದೆ ನಿಂತ ಒಂದು ಸುಳ್ಳು ನರ ಇರುತ್ತದೆ.