ಮಂಜು ಕರಗಿದರೆ ತಿಮಿಂಗಿಲಕ್ಕೆ ಜಾಗ ಜಾಸ್ತಿ, ಒಳ್ಳೇದೇ ಅಲ್ವಾ?

ಪ್ರಶ್ನೆ: ಧ್ರುವ ಪ್ರದೇಶದ ಸಮುದ್ರದಲ್ಲಿ ಮಂಜುಗಡ್ಡೆ ಕಮ್ಮಿಯಾದರೆ ತಿಮಿಂಗಿಲಗಳ ಆರೋಗ್ಯಕ್ಕೆ ಏನಾಗುತ್ತದೆ? ಓಡಾಡಲು ಜಾಗ ಜಾಸ್ತಿ ಸಿಗುತ್ತದಲ್ವಾ?

ಕೇಳುವವರು ಬೇರೆ ಬೇರೆ, ಆದರೆ ಆ ಕೊನೆಯ ಸಾಲು ಮಾತ್ರ ತಪ್ಪದೆ ಬರುತ್ತದೆ. ಜಾಗಕ್ಕೇನು ಬರ, ಸ್ವಾಮಿ? ಬರ ಇರುವುದು ಊಟಕ್ಕೆ. ಆ ಊಟ ಶುರುವಾಗುವುದೇ ಮಂಜುಗಡ್ಡೆಯಲ್ಲಿ.

ಬೂದು ತಿಮಿಂಗಿಲವನ್ನು ನೋಡಿ. ಚಳಿಗಾಲದಲ್ಲಿ ಮೆಕ್ಸಿಕೊದ ಬಾಹಾ ಕ್ಯಾಲಿಫೋರ್ನಿಯಾ ತೀರದ ಹಿನ್ನೀರಿನಲ್ಲಿ ಮರಿ ಹಾಕುತ್ತದೆ. ಬೇಸಿಗೆಗೆ ಅಲಾಸ್ಕಾ ಆಚೆಯ ಬೇರಿಂಗ್, ಚುಕ್ಚಿ ಸಮುದ್ರಗಳಿಗೆ ಹೋಗುತ್ತದೆ. ಅಲ್ಲಿ ತಿಂದದ್ದೇ ವರ್ಷದ ಗಂಟು, ಉಳಿದ ತಿಂಗಳು ಹೆಚ್ಚುಕಡಿಮೆ ಉಪವಾಸ. ತಿನ್ನುವ ರೀತಿಯೂ ವಿಚಿತ್ರ. ಪಕ್ಕಕ್ಕೆ ವಾಲಿಕೊಂಡು ತಳದ ಕೆಸರನ್ನು ಹೀರುತ್ತದೆ, ನೀರು ಮಣ್ಣನ್ನು ಬಾಯಿಯ ಜಾಲರಿಯಿಂದ ಆಚೆ ತಳ್ಳುತ್ತದೆ. ಒಳಗೆ ಉಳಿಯುವುದು ಆಂಫಿಪಾಡ್, ಸೀಗಡಿಯ ದೂರದ ನೆಂಟ ಅನ್ನಬಹುದಾದ ಪುಟ್ಟ ಜೀವಿ.

ಆಂಫಿಪಾಡ್‌ಗೆ ಊಟ ಎಲ್ಲಿಂದ ಬರುತ್ತದೆ? ಅಲ್ಲಿನ ಮಂಜುಗಡ್ಡೆಯ ತುಂಡೊಂದನ್ನು ವಸಂತದಲ್ಲಿ ಮಗುಚಿದರೆ ಅಡಿಭಾಗ ಚಹಾ ಕಲೆ ಬಿದ್ದ ಹಾಗೆ ಕಂದಾಗಿರುತ್ತದೆ. ಅದು ಪಾಚಿ. ಗಡ್ಡೆ ಕರಗುವಾಗ ಪಾಚಿ ಮುದ್ದೆಮುದ್ದೆಯಾಗಿ ತಳಕ್ಕೆ ಬೀಳುತ್ತದೆ. ಸಮುದ್ರ ಅಲ್ಲಿ ಆಳವಿಲ್ಲ, ನೀರು ಇನ್ನೂ ಕೊರೆಯುತ್ತಿರುವುದರಿಂದ ನಡುವೆ ಕಬಳಿಸುವವರೂ ಕಮ್ಮಿ. ತಲೆಕೆಳಗಾದ ಹೊಲ ಅಂದುಕೊಳ್ಳಿ, ಬೆಳೆ ಮೇಲೆ, ಉಣ್ಣುವವರು ಕೆಳಗೆ. ಗಡ್ಡೆ ಬೇಗ ಹೋದರೆ ಪಾಚಿ ತಡವಾಗಿ ಬಯಲು ನೀರಿನಲ್ಲಿ ಬೆಳೆಯುತ್ತದೆ. ಅಷ್ಟರಲ್ಲಿ ಮೇಲಿನ ಸಣ್ಣ ಜೀವಿಗಳು ಎದ್ದಿರುತ್ತವೆ, ಜಾಸ್ತಿ ಪಾಲು ಅವಕ್ಕೇ. ತಳದವರಿಗೆ ಉಳಿಕೆ.

‘ಜಾಗ ಜಾಸ್ತಿ’ ಅನ್ನುವ ಮಾತು ಸುಮ್ನೆ ಹುಟ್ಟಿದ್ದಲ್ಲ, ಅದನ್ನೂ ಒಪ್ಪುತ್ತೇನೆ. ಮಂಜು ತಡವಾಗಿ ಸರಿದ ವರ್ಷ ತಿಮಿಂಗಿಲಗಳು ಊಟದ ಜಾಗ ತಲುಪುವುದೇ ತಡ, ಮುಂದಿನ ವರ್ಷ ಮರಿಗಳೂ ಕಮ್ಮಿ. ಹಾಗಾಗಿ ಮಂಜು ಹೋದರೆ ಲಾಭ ಎಂದು ಒಂದು ಕಾಲದಲ್ಲಿ ಲೆಕ್ಕ ಹಾಕಿದವರಿದ್ದರು. ಅಲಾಸ್ಕಾದ ಬೋಹೆಡ್ ತಿಮಿಂಗಿಲಗಳು ಮಂಜು ಕಮ್ಮಿಯಾದ ವರ್ಷಗಳಲ್ಲಿ ದಪ್ಪಗಾದದ್ದೂ ನಿಜ. ಅವು ತಿನ್ನುವುದು ನೀರಿನಲ್ಲಿ ತೇಲುವ ಜೀವಿಗಳನ್ನು, ಕೆಸರಿನಲ್ಲಿರುವುದನ್ನಲ್ಲ. ಆ ಲೆಕ್ಕವನ್ನು ಬೂದು ತಿಮಿಂಗಿಲಕ್ಕೆ ಅಂಟಿಸಬೇಡಿ. ಬಾಗಿಲು ಬೇಗ ತೆರೆಯಿತು ಅಂತ ಒಳಗೆ ಹೋದರೆ ಅಡುಗೆಯೇ ಆಗಿಲ್ಲ, ಏನು ಮಾಡುತ್ತೀರಿ?

2016ರಲ್ಲಿ ಪೂರ್ವ ಪೆಸಿಫಿಕ್‌ನ ಬೂದು ತಿಮಿಂಗಿಲಗಳು ಸುಮಾರು 27,000 ಇದ್ದವು. 2019ರಿಂದ 2023ರವರೆಗೆ ಮೆಕ್ಸಿಕೊದಿಂದ ಅಲಾಸ್ಕಾವರೆಗಿನ ದಡಗಳಲ್ಲಿ 690 ಬಿದ್ದದ್ದು ಸಿಕ್ಕಿದವು, ಹೆಚ್ಚಿನವು ಸತ್ತು, ಬಹಳಷ್ಟು ಬಡಕಲಾಗಿದ್ದವು. 2025ರ ಅಂದಾಜು ಸುಮಾರು 13,000. ಆ ವರ್ಷ ಕ್ಯಾಲಿಫೋರ್ನಿಯಾ ದಾಟಿ ಉತ್ತರಕ್ಕೆ ಹೋದ ಮರಿಗಳು ಅಂದಾಜು 85. 1994ರಲ್ಲಿ ಎಣಿಕೆ ಶುರುವಾದ ಮೇಲೆ ಇಷ್ಟು ಕಮ್ಮಿ ಯಾವತ್ತೂ ಇರಲಿಲ್ಲ.

ಯಾರೂ ಕೇಳಲಿಲ್ಲ, ಆದರೂ ಹೇಳುತ್ತೇನೆ. ಹನ್ನೆರಡು ಮೀಟರ್ ಉದ್ದದ ಪ್ರಾಣಿ ಸೊರಗಿದೆ ಅಂತ ಗೊತ್ತಾಗುವುದು ಹೇಗೆ? ತಕ್ಕಡಿ ಹಿಡಿಯಲಾಗದು. ಡ್ರೋನ್ ಮೇಲಿಂದ ಫೋಟೊ ತೆಗೆದು ಉದ್ದಕ್ಕೆ ಅಗಲ ಎಷ್ಟಿದೆ ಎಂದು ಅಳೆಯುತ್ತಾರೆ. ದೋಣಿಯಲ್ಲಿದ್ದವರು ತಲೆಯ ಹಿಂಭಾಗ ನೋಡುತ್ತಾರೆ. ಚೆನ್ನಾಗಿ ತಿಂದ ತಿಮಿಂಗಿಲಕ್ಕೆ ಅಲ್ಲಿ ಕೊಬ್ಬು ತುಂಬಿ ತಲೆ, ಬೆನ್ನು ಒಂದೇ ಗೆರೆಯಲ್ಲಿರುತ್ತವೆ. ಹಸಿದದ್ದಕ್ಕೆ ತಲೆಬುರುಡೆಯ ಹಿಂದೆ ಗುಳಿ ಬಿದ್ದು, ಇಲ್ಲದ ಕುತ್ತಿಗೆ ಕಾಣಿಸುತ್ತದೆ.