ಬಾಂಡ್ ಪೇಪರಿನಿಂದ ಮದುವೆ ಮುರಿಯುವುದಿಲ್ಲ

ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿ ಇಟ್ಟಿದ್ದ ಬಾಂಡ್ ಪೇಪರನ್ನು ಆಕೆ ನನ್ನ ಟೇಬಲ್ ಮೇಲೆ ಬಿಡಿಸಿಟ್ಟರು. 'ಉಭಯತರೂ ಸ್ವಖುಷಿಯಿಂದ ಬೇರೆಯಾಗಿರುತ್ತೇವೆ' ಅಂತ ಟೈಪ್ ಮಾಡಿತ್ತು. ಗಂಡನ ಸಹಿ, ಆಕೆಯ ಸಹಿ, ಊರಿನ ಐದು ಜನ ಹಿರಿಯರ ಸಹಿ, ಕೆಳಗೆ ನೋಟರಿ ಸೀಲು. ನಾಲ್ಕು ವರ್ಷ ಹಳೆಯ ಕಾಗದ. ಈಗ ಇನ್ನೊಂದು ಸಂಬಂಧ ಕೂಡಿಬಂದಿತ್ತು. 'ಡೈವೋರ್ಸ್ ಆಗಿದೆ ಮೇಡಂ. ಆದ್ರೂ ವಕೀಲರಿಗೆ ಒಂದ್ಸಲ ತೋರಿಸ್ಕೊಂಡು ಬಾ ಅಂದ್ರು ನಮ್ಮಣ್ಣ' ಅಂದರು.

ಡೈವೋರ್ಸ್ ಆಗಿರಲಿಲ್ಲ. ಹಿಂದೂ ವಿವಾಹ ಕಾಯ್ದೆ, 1955ರ ಪ್ರಕಾರ ಮದುವೆಯನ್ನು ಬಿಡಿಸಬೇಕಾದ್ದು ಕೋರ್ಟು. ಪಂಚಾಯ್ತಿಗೂ ಆ ಅಧಿಕಾರ ಇಲ್ಲ, ನೋಟರಿಗೂ ಇಲ್ಲ. ಕೆಲವು ಸಮುದಾಯಗಳಲ್ಲಿ ಹಿಂದಿನಿಂದ ನಡೆದುಬಂದ ಬಿಡುಗಡೆಯ ಪದ್ಧತಿ ಇದೆ, 29ನೇ ಸೆಕ್ಷನ್ ಅದನ್ನು ಉಳಿಸಿದೆ, ನಿಜ. ಆದರೆ ಆ ಪದ್ಧತಿ ಇದೆ ಅಂತ ಸಾಕ್ಷಿ ಕೊಟ್ಟು ಸಾಬೀತು ಮಾಡಬೇಕು. 'ನಮ್ಮ ಕಡೆ ಹೀಗೇ ಮಾಡೋದು' ಅಂದರೆ ಸಾಲದು. ಆ ಕಾಗದ ನಂಬಿ ಆಕೆ ಹಾರ ಬದಲಾಯಿಸಿದ್ದರೆ ಎರಡನೇ ಮದುವೆ ಅಸಿಂಧುವಾಗುತ್ತಿತ್ತು. ಜೊತೆಗೆ ಏಳು ವರ್ಷದವರೆಗೆ ಜೈಲು ಆಗಬಹುದಾದ ಅಪರಾಧ ಅದು.

ಹಾಗಾದರೆ ಕೋರ್ಟು ಏನು ಕೇಳುತ್ತದೆ? ಕಾರಣಗಳೆಲ್ಲ 13ನೇ ಸೆಕ್ಷನ್‌ನಲ್ಲಿವೆ. ಪರಸಂಗ, ಕ್ರೌರ್ಯ, ಎರಡು ವರ್ಷ ಬಿಟ್ಟುಹೋಗಿರುವುದು, ಮತಾಂತರ, ಜೊತೆಗೆ ಬಾಳಲಾಗದಂಥ ಮಾನಸಿಕ ಕಾಯಿಲೆ, ಅಂಟುವ ಲೈಂಗಿಕ ರೋಗ, ಸನ್ಯಾಸ, ಏಳು ವರ್ಷ ಬದುಕಿರುವ ಸುದ್ದಿಯೇ ಇಲ್ಲದಿರುವುದು. ಕುಷ್ಠರೋಗವೂ ಈ ಪಟ್ಟಿಯಲ್ಲಿತ್ತು. 2019ರಲ್ಲಿ ತೆಗೆದರು, ಎಷ್ಟೋ ಮುಂಚೆ ತೆಗೆಯಬೇಕಿತ್ತು. ಹೆಂಡತಿಗೆ ಮಾತ್ರ ಸಿಗುವ ಕಾರಣಗಳೂ ಕೆಲವಿವೆ. ಹದಿನೈದು ತುಂಬುವ ಮೊದಲೇ ಮದುವೆ ಮಾಡಿದ್ದರೆ, ಹದಿನೆಂಟು ತುಂಬುವುದರೊಳಗೆ ಆಕೆ ಆ ಮದುವೆಯನ್ನು ನಿರಾಕರಿಸಿದ್ದರೆ ಅದೇ ಒಂದು ಕಾರಣ.

'ಹೊಂದಾಣಿಕೆ ಆಗ್ತಿಲ್ಲ' ಅನ್ನುವುದು ಪಟ್ಟಿಯಲ್ಲಿಲ್ಲ. ನನ್ನ ಬಳಿ ಬರುವವರು ಮೊದಲು ಹೇಳುವುದೇ ಆ ಮಾತು. ಅದರ ಹಿಂದೆ ಏನಿದೆ ಅಂತ ಬಿಡಿಸಿ ನೋಡಿದಾಗ ಸಾಮಾನ್ಯವಾಗಿ ಸಿಗುವುದು ಕ್ರೌರ್ಯ.

ಕ್ರೌರ್ಯ ಅಂದರೆ ಹೊಡೆತ ಮಾತ್ರ ಅಲ್ಲ. ಮಾನಸಿಕ ಕ್ರೌರ್ಯಕ್ಕೆ ಇಂತಿಷ್ಟೇ ಅಂತ ಅಳತೆಗೋಲು ಇಟ್ಟುಕೊಳ್ಳಲು ಆಗಲ್ಲ ಅಂತ ಸುಪ್ರೀಂ ಕೋರ್ಟು 2007ರ ಸಮರ್ ಘೋಷ್ ತೀರ್ಪಿನಲ್ಲಿ ಉದಾಹರಣೆಗಳ ಸಮೇತ ಹೇಳಿದೆ. ಮನೆಯಲ್ಲಿ ದಿನಾ ನಡೆಯುವ ಚಿಕ್ಕಪುಟ್ಟ ಜಗಳ ಅದಕ್ಕೆ ಸಾಲದು ಅಂತಲೂ ಅಲ್ಲೇ ಇದೆ. 'ಯಾವಾಗಲೂ ಬೈತಾರೆ' ಅಂತ ಅರ್ಜಿಯಲ್ಲಿ ಬರೆದರೆ ಕೇಸು ನಿಲ್ಲಲ್ಲ. ಯಾವತ್ತು, ಎಲ್ಲಿ, ಯಾರ ಎದುರು ಅನ್ನುವುದು ಬೇಕು. ಒಬ್ಬ ಹೆಣ್ಣುಮಗಳ ಸಂಬಳದ ಎಟಿಎಂ ಕಾರ್ಡು ಗಂಡನ ಕೈಯಲ್ಲಿತ್ತು. ಬಸ್ಸಿಗೆ ಅಂತ ದಿನಾ ನಲವತ್ತು ರೂಪಾಯಿ ಎಣಿಸಿ ಕೊಡುತ್ತಿದ್ದ. ಕೋಪ ಬಂದ ದಿನ ಅದೂ ಇಲ್ಲ. ಆ ದಿನಗಳನ್ನೆಲ್ಲ ಆಕೆ ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲಿ ಸಣ್ಣ ಚುಕ್ಕೆ ಹಾಕಿ ಗುರುತು ಮಾಡಿದ್ದರು. ಪಾಟೀಸವಾಲಿನಲ್ಲಿ ಆಕೆ ತಡವರಿಸದೇ ಉತ್ತರ ಕೊಟ್ಟಿದ್ದು ಆ ಚುಕ್ಕೆಗಳಿಂದ.

ಬಿಟ್ಟುಹೋಗುವ ವಿಷಯದಲ್ಲೂ ತಪ್ಪು ತಿಳಿವಳಿಕೆ ಜಾಸ್ತಿ. ಎರಡು ವರ್ಷ ತವರಲ್ಲಿದ್ದ ಮಾತ್ರಕ್ಕೆ 'ಬಿಟ್ಟುಹೋದಳು' ಅಂತ ಆಗಲ್ಲ. ಸರಿಯಾದ ಕಾರಣ ಇಲ್ಲದೆ, ಇನ್ನೊಬ್ಬರ ಒಪ್ಪಿಗೆ ಇಲ್ಲದೆ, ಸಂಸಾರ ಬೇಡ ಅನ್ನುವ ಉದ್ದೇಶದಿಂದ ಹೋಗಿರಬೇಕು. ಬಾಳಲಾಗದಂತೆ ಮಾಡಿ ಹೆಂಡತಿಯನ್ನು ಹೊರಗೆ ದಬ್ಬಿದ್ದರೆ, ಮನೆಯಲ್ಲೇ ಕೂತಿದ್ದರೂ ಕಾನೂನಿನ ಕಣ್ಣಲ್ಲಿ ಬಿಟ್ಟುಹೋದವನು ಗಂಡನೇ. ಬಾಂಡ್ ಪೇಪರು ತಂದಿದ್ದ ಆಕೆಗೆ ಈ ದಾರಿಗೆ ಅಡ್ಡ ಬಂದಿದ್ದು 'ಸ್ವಖುಷಿಯಿಂದ' ಅನ್ನುವ ಒಂದೇ ಪದ. ಇಬ್ಬರೂ ಒಪ್ಪಿದ್ದರು ಅಂತ ಆಗಿಬಿಡುತ್ತದಲ್ವಾ?

ಮದುವೆ ಮತ್ತೆ ಕೂಡದಷ್ಟು ಮುರಿದುಬಿದ್ದಿದೆ ಅನ್ನುವುದನ್ನೂ ಕಾರಣವಾಗಿ ಸೇರಿಸಿ ಅಂತ ಕಾನೂನು ಆಯೋಗ 1978ರಲ್ಲೇ ಹೇಳಿತ್ತು. ಇನ್ನೂ ಕಾಯ್ದೆಗೆ ಬಂದಿಲ್ಲ. ಆ ಕಾರಣದ ಮೇಲೆ ಡೈವೋರ್ಸ್ ಕೊಡುವ ವಿಶೇಷ ಅಧಿಕಾರ ಸುಪ್ರೀಂ ಕೋರ್ಟಿಗಿದೆ ಅಂತ 2023ರಲ್ಲಿ ಸಂವಿಧಾನ ಪೀಠ ಹೇಳಿತು. ಫ್ಯಾಮಿಲಿ ಕೋರ್ಟಿಗೆ ಆ ಅಧಿಕಾರ ಇಲ್ಲ. ಇದು ಕಾಯ್ದೆಗೆ ಬರಬೇಕು ಅಂತಲೇ ನನ್ನ ಅಭಿಪ್ರಾಯ. ಆದರೆ ಸಂಪಾದನೆ ಇಲ್ಲದ ಹೆಂಡತಿಯ ಜೀವನಾಂಶಕ್ಕೆ ಗಟ್ಟಿ ಏರ್ಪಾಡು ಅದರ ಜೊತೆಗೇ ಬರಬೇಕು.

ಆಕೆಗೆ ಉಳಿದಿದ್ದ ಸುಲಭದ ದಾರಿ 13ಬಿ, ಅಂದರೆ ಇಬ್ಬರೂ ಒಪ್ಪಿ ಹಾಕುವ ಅರ್ಜಿ. ಇದರಲ್ಲಿ ಯಾರ ತಪ್ಪನ್ನೂ ಎತ್ತಿ ತೋರಿಸಬೇಕಿಲ್ಲ. ಒಂದು ವರ್ಷ ಬೇರೆ ಇದ್ದಿರಬೇಕು, ಅರ್ಜಿ ಹಾಕಿದ ಮೇಲೆ ಆರು ತಿಂಗಳು ಕಾಯಬೇಕು. ತುಂಬಾ ದಿನದಿಂದ ಬೇರೆ ಇದ್ದು, ರಾಜಿ ಪ್ರಯತ್ನವೂ ಫಲಿಸದೆ, ಜೀವನಾಂಶ ಮತ್ತು ಮಕ್ಕಳ ವಿಷಯ ತೀರ್ಮಾನ ಆಗಿದ್ದರೆ ಆ ಆರು ತಿಂಗಳನ್ನು ಕೋರ್ಟು ಬಿಡಬಹುದು ಅಂತ 2017ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ.

ಗಂಡನಿಗೆ ಫೋನ್ ಮಾಡಿಸಿದೆವು. ಅವರೂ ಡೈವೋರ್ಸ್ ಆಗಿದೆ ಅಂತಲೇ ನಂಬಿದ್ದರು, ಬಂದು ಸಹಿ ಹಾಕಿದರು. ಗೊತ್ತಾಗಿದ್ದ ಮುಹೂರ್ತವನ್ನು ಆಕೆಯ ಅಣ್ಣ ಮುಂದಕ್ಕೆ ಹಾಕಿಸಿದರು. ಯಾವಾಗಿನಿಂದ ಬೇರೆ ಇದ್ದೀರಿ ಅಂತ ಜಡ್ಜ್ ಕೇಳಿದಾಗ ನಾವು ತೋರಿಸಿದ್ದು ಅದೇ ಬಾಂಡ್ ಪೇಪರಿನ ಮೇಲಿದ್ದ ತಾರೀಖನ್ನು.